ಸಭೆಯಲ್ಲಿ ಕೆಂಪಾದ ನೀರು

ಗಡಹಿಂಗ್ಲಜ
ತಾ. ೨೧ ಫೆಬ್ರುವರಿ ೧೯೩೯

ಚಿ. ಸೌ. ಬಾಳಕ್ಕನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಚಲಕರಂಜಿಯಿಂದ ನೀನು ಬರೆದ ಕಾಗದ ಬಂದು ಬಹಳ ದಿನವಾಯಿತು. ಬೆಲ್ಲದ ಸುಗ್ಗಿ, ಅಡತಿ ಅಂಗಡಿಯಲ್ಲಿ ತಲೆ ಎತ್ತಲು ಪುರಸತ್ತಿಲ್ಲ, ಸಿಟ್ಟಾಗಬೇಡ. ಕಾಗದದ ಮೇಲೆ ‘ಶ್ರೀ’ ಇಲ್ಲವೆಂದು ನಿನ್ನ ಅತ್ತೆ ಈ ಸಲವೂ ಮುಖ ಸಿಂಡರಿಸಿದರೆ, ನಾಸ್ತಿಕ ಬೀಗರ ಶಾಯಿ ತೀರಿತ್ತೆಂದು ಹೇಳು.

ಇಲ್ಲಿಯ ಸುದ್ದಿ ಕೇಳು. ಹೋದ ವರ್ಷ ನೀನು ಜ್ವರದಿಂದ ಎದ್ದು ಕೂತದ್ದು ಯೇಸುವಿನ ಪವಾಡ ಎಂದು ನನ್ನ ಗೆಳೆಯ ಮಲ್ಲಾರಿ ಮಾಸ್ತರ ಊರೆಲ್ಲ ಸಾರುತ್ತಿದ್ದಾನಲ್ಲ, ಅದನ್ನು ಇತ್ಯರ್ಥ ಮಾಡಲು ಆದಿತ್ಯವಾರ ನಮ್ಮ ಅಂಗಳದಲ್ಲೇ ಸಭೆ ಸೇರಿತು. ಆ ಕಡೆ ಕ್ರೈಸ್ತರು, ಈ ಕಡೆ ನಾವು ನಾಲ್ಕು ಮಂದಿ ದೇವರಿಲ್ಲದವರು. ಬೇರೆ ಯಾವ ಮಾತಿನಲ್ಲಾದರೂ ಸೋತೇನು, ಇದೊಂದರಲ್ಲಿ ಸೋಲಬಾರದೆಂದು ಹಟ ತೊಟ್ಟಿದ್ದೆ.

“ಡಾಕ್ಟರ್ ಕೈ ಬಿಟ್ಟಿದ್ರು. ನಾ ಪ್ರಾರ್ಥನಾ ಮಾಡಿದ್ನಿ. ಮುಂಜಾನೆ ಪೋರಿ ಗಂಜಿ ಕೇಳ್ತು. ಇದಕ್ಕ ಏನಂತಿ, ಅಲ್ಲಪ್ಪಾ?” ಎಂದ ಮಲ್ಲಾರಿ.

“ಔಷಧ ಸಾವಕಾಶ ಕೆಲಸಾ ಮಾಡತೈತಿ ಅಂತೇನಿ,” ಎಂದೆ.

ಅವನು ಯೇಸು ಮದುವೆಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ ಕಥೆ ಎತ್ತಿದ. ನಾನು ಅದಕ್ಕೇ ಕಾದಿದ್ದೆ. ತಾಟಿನಲ್ಲಿ ಅರಿಶಿನದ ನೀರು ಇಟ್ಟು, ಎಲೆಯಡಿಕೆಯ ಸುಣ್ಣ ಕದಡಿದೆ. ನೀರು ಕೆಂಪಗಾಯಿತು. “ನೋಡ್ರಿ, ಕಾರಣ ಗೊತ್ತಿದ್ರ ಯಾವುದೂ ಪವಾಡ ಅಲ್ಲ,” ಎಂದು ಚಪ್ಪಾಳೆಗೆ ಕಾದು ನಿಂತೆ.

ಹೆಂಗಸರ ಕಡೆಯಿಂದ ನೆರೆಮನೆಯ ಸೋನಾಬಾಯಿ ಎದ್ದು ಬಂದಳು. ಓಣಿಗೆ ಯಾವ ಮದುಮಗಳು, ಯಾವ ಬಾಣಂತಿ ಬಂದರೂ ದೃಷ್ಟಿ ತೆಗೆಯುವವಳು ಅವಳೇ ತಾನೆ. “ಇಷ್ಟು ಮಂದಿ ಕಣ್ಣು ನಿಮ್ಮಿಬ್ಬರ ಮ್ಯಾಲ ಬಿದ್ದೈತಿ. ಓಕಳಿ ಮಾಡಿ ಕೈಯಾಗ ಹಿಡಕೊಂಡು ನಿಂತರ ಹೆಂಗ? ತಾ ಇಲ್ಲೆ,” ಎಂದು ತಾಟು ಕಸಿದುಕೊಂಡಳು. ಇಬ್ಬರನ್ನೂ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ ನಿವಾಳಿಸಿದಳು. ನಾಸ್ತಿಕನ ಹಣೆಗೂ ಕೆಂಪು ಬೊಟ್ಟು, ಕ್ರೈಸ್ತನ ಹಣೆಗೂ ಕೆಂಪು ಬೊಟ್ಟು. ನನ್ನ ಸಾಕ್ಷಿಯನ್ನೆಲ್ಲ ಒಯ್ದು ರಸ್ತೆಗೆ ಚೆಲ್ಲಿದಳು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಲ್ಲಾರಿ ನಕ್ಕು ನಕ್ಕು ನನ್ನ ಹೆಗಲಿಗೇ ಒರಗಿದ. ಎಲ್ಲರಿಗೂ ಹೊಸ ಬೆಲ್ಲ ಹಂಚಿದೆ. ಯಾರು ಗೆದ್ದರೆಂದು ಯಾರೂ ಕೇಳಲಿಲ್ಲ. ಇಷ್ಟು ಖುಷಿಯ ದಿನ ಈ ಅಂಗಳ ಕಂಡು ಬಹಳ ಕಾಲವಾಗಿತ್ತು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗ್ಗದ ಸದ್ದಿಗೆ ನಿದ್ದೆ ರೂಢಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಸುಖವಾಗಿ ಬಾಳು, ಮಗಳೇ.

ನಿನ್ನ ಅಪ್ಪ,
ಅಲ್ಲಪ್ಪ

ತಾ.ಕ.: ಪವಾಡ ಅಂತ ಒಪ್ಪಿದರೆ ನನ್ನದೇನು ಹೋಗುತ್ತದೆ ಎಂದು ಬರೆದಿದ್ದೆಯಲ್ಲ. ಅದೇ ಜ್ವರದಲ್ಲಿ, ನಿನ್ನ ಪಕ್ಕದ ಮಂಚದಲ್ಲೇ ನಿನ್ನವ್ವ ಹೋದಳು. ದೇವರು ನಿನ್ನನ್ನು ಉಳಿಸಿದನೆಂದರೆ, ಅವಳನ್ನು ಬೇಕೆಂದೇ ಬಿಟ್ಟನೆಂದೂ ಒಪ್ಪಬೇಕು. ಔಷಧ ಒಬ್ಬರಿಗೆ ಹತ್ತಿತು, ಒಬ್ಬರಿಗೆ ಹತ್ತಲಿಲ್ಲ ಎಂದುಕೊಂಡರೆ ನನಗೆ ಒಂದು ತುತ್ತು ಇಳಿಯುತ್ತದೆ. ಈ ಮಾತನ್ನು ಸಭೆಯಲ್ಲಿ ಎತ್ತಿದ್ದರೆ ನಾನು ಗೆಲ್ಲುತ್ತಿದ್ದೆ. ಆದರೆ ಆ ಜ್ವರದ ರಾತ್ರಿ ಮಲ್ಲಾರಿ ಹೆಚ್ಚು ಹೊತ್ತು ಪ್ರಾರ್ಥನೆಗೆ ಮೊಣಕಾಲೂರಿ ಕೂತದ್ದು ನಿನ್ನವ್ವನ ಮಂಚದ ಬಳಿ. ಅದಕ್ಕೇ ಎತ್ತಲಿಲ್ಲ.