ಎದುರು ಮೂಲೆಯ ದನಿ

ಫೆಬ್ರವರಿ 3, ಶುಕ್ರವಾರ

ಇವತ್ತೂ ಬೈಗುಳದ ಸುತ್ತು. ಹೋಲ್ಯೋಕ್ ಊರಿನ ನಮ್ಮ ಬಾಕ್ಸಿಂಗ್ ಜಿಮ್‌ನಲ್ಲಿ ಶುಕ್ರವಾರ ಅದು ತಪ್ಪದು. ನಾನು ರಿಂಗಿನಲ್ಲಿ ಆಡುತ್ತಿರಬೇಕು, ಉಳಿದವರು ಹಗ್ಗದ ಸುತ್ತ ನಿಂತು ಬಾಯಿಗೆ ಬಂದಂತೆ ಬೈಯಬೇಕು. ಕಿವಿಗೆ ಬೀಳಬೇಕಾದ್ದು ಕೋಚ್ ಎಫ್ರೈನ್ ಅವರ ದನಿ ಒಂದೇ.

"ಏಯ್ ಸ್ಕೂಲ್ ಬಿಟ್ಟೋಳೇ, ಜೋರು ಏಟು ಬಿದ್ರೆ ರೆಫ್ರಿ ಎಂಟರವರೆಗೆ ಎಣಿಸ್ತಾನೆ. ಅಷ್ಟು ಲೆಕ್ಕ ಬರುತ್ತೇನೇ ನಿಂಗೆ?" ಅಂದ ಕೋಚ್ ಸಹಾಯಕ ವಿಲ್ಫ್ರೆಡೊ. ನಗು ಬಂತು. ನಗುವುದೂ ತಪ್ಪೇ.

"ಈಗ!" ಅಂದರು ಕೋಚ್. ಯೋಚಿಸುವ ಮೊದಲೇ ಬಲಗೈ ಏಟಿಗೆ ಹೋಗಿತ್ತು.

ಫೆಬ್ರವರಿ 7

ಕೋಚ್ ಕೇಳಿದರು, "ಯಾರೆಲಿಸ್, ನಿಜ ಹೇಳು. ಯಾವ ಮಾತಿಗೆ ಮುಖ ಕಾಯೋ ನಿನ್ನ ಕೈ ಇಳಿಯುತ್ತೆ? ಗೊತ್ತಿದ್ರೆ ತಾನೇ ಗಟ್ಟಿ ಮಾಡೋಕಾಗೋದು."

ಹೇಳಿಬಿಟ್ಟೆ. ಅಮ್ಮ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು, ತಮ್ಮನನ್ನು ಮಾತ್ರ ಕರೆದುಕೊಂಡು ಒರ್ಲ್ಯಾಂಡೊಗೆ ಹೋದಾಗ ಅಂದದ್ದು: "ಅವನಾದ್ರೂ ಓದ್ತಾನೆ." ಅಜ್ಜಿಗೂ ಹೇಳಿರಲಿಲ್ಲ.

ಕೋಚ್ ನನ್ನ ತಲೆ ಸವರಿದರು.

ಫೆಬ್ರವರಿ 16

ಕೋಚ್ ಬಂದಿಲ್ಲ. ಫೋನೂ ಎತ್ತುತ್ತಿಲ್ಲ. ಹಿಮ ಬಿದ್ದಿದೆಯಲ್ಲ, ಅದಕ್ಕೇ ಅಂತಾನೆ ವಿಲ್ಫ್ರೆಡೊ. ಜಿಮ್ಮಿನ ಕೀ ಮಾತ್ರ ಈಗ ಅವನ ಜೇಬಿನಲ್ಲಿದೆ...

ಫೆಬ್ರವರಿ 20

ಫೋನಿನಲ್ಲಿ ಫೋಟೊ ನೋಡಿದೆ. ಸ್ಪ್ರಿಂಗ್‌ಫೀಲ್ಡ್‌ನ ದೊಡ್ಡ ಜಿಮ್. ಆ ಜಿಮ್‌ನದೇ ಜಾಕೆಟ್ ತೊಟ್ಟ ಎಫ್ರೈನ್ ಡೇನಾಗೆ ಪಂಚ್ ಹೇಳಿಕೊಡುತ್ತಿದ್ದಾನೆ. ಶನಿವಾರ ನನ್ನೆದುರು ಫೈನಲ್ ಆಡುವ ಡೇನಾ.

"ಹೊಟ್ಟೆಪಾಡು ಕಣೇ ಯಾರಿ," ಅಂದ ವಿಲ್ಫ್ರೆಡೊ.

"ನಿಂಗೆ ಗೊತ್ತಿತ್ತಾ?"

ಶೂ ಲೇಸ್ ಬಿಗಿಯುತ್ತ ಕೂತ.

ಅಜ್ಜಿ ಒಲೆಯ ಮುಂದೆ ಗೊಣಗಿದಳು: "ನನ್ನ ಕೈಯಡುಗೆ ಉಂಡೋನು. ಬಾಯ್ಬಿಟ್ಟು ಒಂದು ಮಾತು ಹೇಳಿ ಹೋಗೋಕಾಗ್ಲಿಲ್ವಾ?"

ಫೆಬ್ರವರಿ 25, ವಾಪಸ್ ಬಸ್ಸಿನಲ್ಲಿ

ಮೊದಲ ರೌಂಡು. ಅಷ್ಟು ಗದ್ದಲದಲ್ಲಿ ಕಿವಿ ಅದೇ ದನಿಯನ್ನು ಹುಡುಕಿತು. ಸಿಕ್ಕಿತು — ಎದುರು ಮೂಲೆಯಲ್ಲಿ. "ಈಗ!" ಅಂದದ್ದು ಡೇನಾಗೆ. ಹೋದದ್ದು ನನ್ನ ಬಲಗೈ. ಅದನ್ನೇ ಕಾಯುತ್ತಿದ್ದ ಡೇನಾ ತೆರೆದ ಮುಖಕ್ಕೆ ಹೊಡೆದಳು. ಮತ್ತೆ "ಈಗ!" ಮತ್ತೆ ಹೋಯಿತು. ನನ್ನ ಮೂಗಿನಲ್ಲಿ ರಕ್ತ.

"ನನ್ನ ಮಾತು ಕೇಳೇ!" ಬಿಡುವಿನಲ್ಲಿ ನಮ್ಮ ಮೂಲೆಯಲ್ಲಿ ವಿಲ್ಫ್ರೆಡೊ ಅರಚಿದ.

"ಕೇಳಿಸ್ತಿಲ್ಲ ಕಣೋ."

ಎರಡನೆಯದರಲ್ಲಿ ಕೈ ಬಿಗಿಹಿಡಿದೆ. ಎಫ್ರೈನ್ "ಈಗ" ಅಂದ ಮೇಲೆ ಒಂದು ಉಸಿರು ತಡೆದು ಹೊಡೆದೆ. ಡೇನಾ ತತ್ತರಿಸಿದಳು. ಆಮೇಲೆ ಅವನ ಮೂಲೆಗೇ ಒತ್ತಿಕೊಂಡು ಹೋದೆ. ಅವನು ಹಗ್ಗಕ್ಕೆ ಬಾಗಿ, ಕೂಗದೆ, ಮೆಲ್ಲಗೆ ಅಂದ:

"ಅವನಾದ್ರೂ ಓದ್ತಾನೆ."

ಕೈ ಇಳಿಯಿತು. ಏಟು ಬಿದ್ದದ್ದು ಗೊತ್ತಾಗಲಿಲ್ಲ. ರೆಫ್ರಿ ಎಣಿಸುತ್ತಿದ್ದ. ಎಂಟರವರೆಗೆ ಲೆಕ್ಕ ಬಂತು.

ಮೂರನೆಯದನ್ನು ನಿಂತೇ ಮುಗಿಸಿದೆ. ಪಾಯಿಂಟಿನಲ್ಲಿ ಸೋತೆ.

ಹೊರಗೆ ಎಫ್ರೈನ್ ಅಡ್ಡ ಬಂದ. "ಇನ್ಮೇಲೆ ಯಾರೂ ನಿನ್ನ ಕೈ ಇಳಿಸೋಕಾಗಲ್ಲ ಮಗಳೇ. ಅದು ನನ್ನ ಕೊನೇ ಪಾಠ ಅಂದ್ಕೋ."

"ಸುಳ್ಳು. ಗೆಲ್ಲೋಕೋಸ್ಕರ ಆ ಮಾತು ಅಂದೆ ನೀನು."

ಜಾಕೆಟ್ಟಿನ ಜಿಪ್ ಎಳೆದುಕೊಂಡು ಒಳಗೆ ಹೋದ.

ಮಾರ್ಚ್ 3, ಶುಕ್ರವಾರ

ಬೈಗುಳದ ಸುತ್ತು. ಅಮ್ಮನ ಮಾತನ್ನು ನಾನೇ ಎಲ್ಲರಿಗೂ ಹೇಳಿದೆ. ಇದನ್ನೇ ಅನ್ನಿ ಅಂದೆ.

"ಬೇಡ ಕಣೇ," ಅಂದ ವಿಲ್ಫ್ರೆಡೊ.

"ಅನ್ನೋ, ಹೇಡಿ!"

ಅವನೇ ಮೊದಲು ಅಂದ. ಆಮೇಲೆ ಎಲ್ಲರೂ. ಅನ್ನುತ್ತಲೇ ಹೋದರು. ಕೈ ಇಳಿಯಲಿಲ್ಲ. ಒಂದು ಸಲವೂ ಇಳಿಯಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಸುಳ್ಳು ಬರೆಯಲಾರೆ. ಅಷ್ಟು ಬೈಗುಳದ ನಡುವೆಯೂ ಬಲಗೈ ಕಾಯುತ್ತಿತ್ತು. ಕಿವಿ ಬಾಗಿಲ ಕಡೆಗೇ ಇತ್ತು — ಇನ್ನೇನು ಕೋಚ್ ಬಂದು "ಈಗ!" ಅಂತಾರೆ ಅಂತ.