ಸೆರಗಿನ ಬೇವಿನೆಲೆ

೧೬ ಫೆಬ್ರುವರಿ, ರವಿವಾರ. ಉಮರ್ಗಾ.

ಇವರು ಸುಳ್ಳು ಹೇಳುತ್ತಾರೆ ಎಂಬುದು ಇವತ್ತು ಖಾತ್ರಿಯಾಯಿತು. ಪಂದ್ಯ ನಾಳೆ, ಸೋಮವಾರ ಎಂದಿದ್ದರು. ಬೆಳಿಗ್ಗೆ ನೋಡಿದರೆ ಕಬಡ್ಡಿಯ ಜರ್ಸಿ ಚೀಲಕ್ಕೆ ತುರುಕಿಕೊಂಡು ಹೊರಟರು.

ಈ ಸಲದ ಲೀಗಿನಲ್ಲಿ ನಮ್ಮ ತಂಡದ್ದು ಒಂದು ವಾರ ಗೆಲುವು, ಮರುವಾರ ಸೋಲು. ನಿಲಂಗಾದಲ್ಲಿ ಸೋತಾಗ ನಾನಿದ್ದೆ. ಉದಗೀರದಲ್ಲಿ ಸೋತಾಗಲೂ ಇದ್ದೆ. ಲೋಹಾರಾದಲ್ಲಿ ಗೆದ್ದಾಗ ಮಾತ್ರ ಜ್ವರವೆಂದು ಮಲಗಿದ್ದೆ. ಅಂದಿನಿಂದ ಪಂದ್ಯದ ದಿನವನ್ನು ಇವರು ನನಗೆ ಸರಿಯಾಗಿ ಹೇಳುವುದೇ ಇಲ್ಲ. ಯಾವಳೋ ಇನ್ನೊಬ್ಬಳು ನೋಡಲು ಬರುತ್ತಾಳೆಂದೇ ಸಂಶಯಪಟ್ಟಿದ್ದೆ. ಮೊನ್ನೆ ಇವರ ಜೋಡಿ ಆಡುವವನ ಹೆಂಡತಿ ಮಯೂರಿ ಬಾಯಿಬಿಟ್ಟಳು. "ನೀ ಬಂದ್ರ ಟೀಮ್ ಸೋಲ್ತದಂತ ನಿಮ್ಮನಿಯವ್ರೇ ಅಂದಾರ."

ಇನ್ನೊಬ್ಬಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅತ್ತೆಗೆ ಗುಡಿಗೆ ಹೋಗುತ್ತೇನೆಂದು ಹೇಳಿ, ಪಂದ್ಯವಿದ್ದ ಗುಂಜೋಟಿಯ ಬಸ್ಸು ಹತ್ತಿದೆ. ಮೈದಾನದ ಬೇವಿನ ಮರದ ಹಿಂದೆ ಮುಖದ ತುಂಬ ಸೆರಗು ಎಳೆದುಕೊಂಡು ಕೊನೆಯವರೆಗೂ ನೋಡಿದೆ. ಗೆದ್ದರು. ಗೆಲ್ಲಿಸಿದ ಕೊನೆಯ ರೇಡು ಇವರದೇ.

ಮನೆಗೆ ಬಂದವರೇ ನನ್ನ ಕೈಯಲ್ಲಿ ಪೇಢೆ ಇಟ್ಟರು. "ಪಂದ್ಯ ಇವತ್ತೇ ಆಯ್ತು. ನೀ ಬರ್ಲಿಲ್ಲ, ಚಲೋ ಆಯ್ತು."

"ಹೌದೇನ್ರಿ" ಎಂದೆ, ಅಷ್ಟೇ. ಬಂದಿದ್ದೆ ಎಂದು ಬಾಯಿಬಿಟ್ಟರೆ ಮುಂದಿನ ಸೋಲೂ ನನ್ನ ತಲೆಗೇ.

ಉಂಡು ಮಲಗುವ ಮುಂಚೆ ನನ್ನ ಕಡೆ ನೋಡದೆಯೇ ಅಂದರು: "ಗುಡಿಗಿ ಹೋಗಿದ್ದಿಯಂತ, ಅವ್ವ ಅಂದ್ಳು. ಸೆರಗಿಗಿ ಬೇವಿನ ಎಲಿ ಹತ್ತ್ಯದ, ಝಾಡಿಸ್ಕೋ."

ಗುಡಿಯ ಹತ್ತಿರ ಎಲ್ಲೂ ಬೇವಿನ ಮರವಿಲ್ಲ. ಅದು ಇವರಿಗೂ ಗೊತ್ತು. ಹಾಗಾದರೆ ಮೈದಾನದಲ್ಲಿ ನನ್ನನ್ನು ನೋಡಿಯೂ, ಗೆದ್ದೂ, ನಾನು ಬರಲಿಲ್ಲ ಅಂತಲೇ ಪೇಢೆ ಕೊಟ್ಟರೇ?