ಬಾಗಿಲು ಹಾಕಿದ ಮೇಲಿನ ಮಾತು

ಅಮ್ಮ,

ಮೊನ್ನೆ ಸಮೀಕ್ಷೆಗೆ ಬಂದ ಟೀಚರಮ್ಮನ ಮೊಬೈಲಿನಲ್ಲಿ ಮೊದಲು ಕಾಣಿಸಿದ್ದು ನಿನ್ನ ಹೆಸರೇ. ರೇಷನ್ ಕಾರ್ಡಿನಿಂದ ತೆಗೆಸಬೇಕೆಂದುಕೊಳ್ಳುತ್ತಲೇ ಇದ್ದೆ, ಆದರೆ… "ಇವ್ರನ್ನ ಕರೀರಿ ಮೇಡಂ, ಇವ್ರಿಂದಾನೇ ಶುರು ಮಾಡೋಣ" ಎಂದರು. ನಾನು ನಿಜಕ್ಕೂ ಒಳಕೋಣೆಯತ್ತ ತಿರುಗಿ ನೋಡಿದೆ.

ನನ್ನ ಹೈಸ್ಕೂಲಿನ ಅರ್ಜಿ ತುಂಬಿದ ಸಂಜೆ ನೆನಪಿದೆಯೇ? ಸರಾಗವಾಗಿ ಓಡುತ್ತಿದ್ದ ನಿನ್ನ ಪೆನ್ನು ಮಾತೃಭಾಷೆಯ ಕಾಲಂ ಬಂದಾಗ ನಿಂತಿತು. ಊರಿನಲ್ಲಿ ಭಾಷೆಯ ಗಲಾಟೆ ಆಗತಾನೇ ತಣ್ಣಗಾಗಿತ್ತು. ಶಿವಾಜಿನಗರದ ಬಸ್ಸಿನಲ್ಲಿ ನಾನು ತಮಿಳಿನಲ್ಲಿ ಏನೋ ಕೇಳಿದ್ದಕ್ಕೆ ನನ್ನ ಕೈ ಹಿಂಡಿದ್ದೆಯಲ್ಲ, ಅದೇ ವರ್ಷ. ಕೊನೆಗೆ ನೀನು 'ಕನ್ನಡ' ಎಂದು ಬರೆದೆ. "ಯಾರ್ ಕೇಳಿದ್ರೂ ಇದೇ ಹೇಳು" ಎಂದೆ. ಅಂದಿನಿಂದ ಹಲಸೂರಿನಿಂದ ನಿನ್ನ ಅಮ್ಮ ಬಂದರೆ ನೀನು ಮೊದಲು ಬಾಗಿಲು ಹಾಕುತ್ತಿದ್ದೆ, ಆಮೇಲೆ ಮಾತು. ಒಳಗೆ ಅವರು ನನಗೆ ಪಾಟಿ, ಹೊರಗೆ ಅಜ್ಜಿ.

ಆಸ್ಪತ್ರೆಯ ಕೊನೆಯ ವಾರದಲ್ಲಿ ಕನ್ನಡ ನಿನ್ನಿಂದ ಸ್ವಲ್ಪ ಸ್ವಲ್ಪವೇ ಜಾರಿಹೋಯಿತು. ಒಂದು ದಿನ ನೀನು "ಕದವ ಸಾತ್ತುಡಿ" ಎಂದೆ. ಬಾಗಿಲು ಹಾಕೇ ಎಂದು. ಎಂಟು ಹಾಸಿಗೆಗಳ ವಾರ್ಡಿನಲ್ಲಿ ಯಾವ ಬಾಗಿಲು ಹಾಕಲಿ? ನರ್ಸ್ ನಮ್ಮತ್ತಲೇ ನೋಡುತ್ತಿದ್ದರು. "ಕನ್ನಡದಲ್ಲಿ ಹೇಳಮ್ಮ" ಎಂದುಬಿಟ್ಟೆ. ನೀನು ಗೋಡೆಯ ಕಡೆ ತಿರುಗಿಕೊಂಡೆ. ಮತ್ತೆ ಮಾತಾಡಲೇ ಇಲ್ಲ. ನೀನು ಕಲಿಸಿದ್ದನ್ನೇ ನಿನಗೆ ಒಪ್ಪಿಸಿದೆನೇ?

"ಅವರು ತೀರ್ಕೊಂಡ್ರು" ಎಂದಾಗ ಟೀಚರಮ್ಮ "ಅಯ್ಯೋ, ಸಾರಿ ಮೇಡಂ" ಎನ್ನುತ್ತಾ ನಿನ್ನ ಹೆಸರು ತೆಗೆದರು. "ನಿಮ್ಮ ಮಾತೃಭಾಷೆ?" ಬಾಗಿಲು ತೆರೆದೇ ಇತ್ತು. ಎದುರುಮನೆಯ ಆಂಟಿ, ನಿನ್ನ ಕಾಲದವರು, ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ತಮಿಳು ಓದಲೂ ಬಾರದ, ಈ ಪತ್ರವನ್ನೂ ಕನ್ನಡದಲ್ಲೇ ಬರೆಯುತ್ತಿರುವ ನಾನು ಅದನ್ನೇ ಮಾತೃಭಾಷೆ ಎಂದು ಹೇಳಿದರೆ ಸುಳ್ಳಾಗುತ್ತದೆಯೇ? ಹೇಳದಿದ್ದರೆ…

"ತಮಿಳು" ಎಂದೆ, ಬೇಕಾದ್ದಕ್ಕಿಂತ ಜೋರಾಗಿ.

"ಹೌದಾ? ನಿಮ್ ಕನ್ನಡ ಕೇಳಿದ್ರೆ ಗೊತ್ತೇ ಆಗಲ್ವಲ್ಲ!" ಟೀಚರಮ್ಮ ನಕ್ಕರು.

ಆಂಟಿ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ನಮಗ್ ಗೊತ್ತಿತ್ತು ಬಿಡಮ್ಮ. ಬಾಗ್ಲು ಹಾಕ್ಕೊಂಡ್ರೂ ನಿಮ್ಮಮ್ಮ, ಪಾಟಿ ನಗೋದು ನಮ್ ಅಡುಗೆಮನೆವರೆಗೂ ಕೇಳಿಸ್ತಿತ್ತು. ಎಷ್ಟ್ ಚೆನ್ನಾಗ್ ನಗ್ತಿದ್ರು ಇಬ್ರೂ."

ಅವರಿಗೆ ಗೊತ್ತಿತ್ತಂತೆ, ಅಮ್ಮ. ಅಷ್ಟು ವರ್ಷವೂ. ಇದನ್ನು ನಿನಗೆ ಹೇಳಬೇಕಿತ್ತು.

ಈಗ ಮನೆಯಲ್ಲಿ ಒಬ್ಬಳೇ ಇದ್ದೇನೆ. ಬಾಗಿಲು ಹಾಕಿಲ್ಲ. ಆ ದಿನ ವಾರ್ಡಿನಲ್ಲಿ ನೀನು ಏನು ಹೇಳಬೇಕೆಂದಿದ್ದೆ? ತಮಿಳಿನಲ್ಲೇ ಹೇಳು.